ಲೇಸರ್ ಕಟರ್‌ಗೆ ಹಲವರು ಕೂಡಿ ಬಳಸುವ ವೆಬ್ ಎಡಿಟರ್: ಅಧ್ಯಯನ ಟಿಪ್ಪಣಿ

ಮೊದಲು ಅಳತೆ. ಬ್ರೌಸರ್‌ಗೆ 1 ಇಂಚು ಎಂದರೆ 96 ಪಿಕ್ಸೆಲ್. ಮಾನಿಟರ್ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಅದು ಇಂಚೇ ಇರಬೇಕೆಂದಿಲ್ಲ. ಹಾಗಾಗಿ ಪಿಕ್ಸೆಲ್‌ನಲ್ಲಿ ಏನನ್ನೂ ಉಳಿಸಬೇಡಿ. ಗೆರೆಗಳನ್ನು ಅಂಕಿಗಳಾಗಿ ಬರೆದಿಡುವ ಎಸ್‌ವಿಜಿ ಚಿತ್ರಕ್ಕೆ ಅಗಲ 300 ಮಿ.ಮೀ., ಎತ್ತರ 200 ಮಿ.ಮೀ. ಕೊಟ್ಟು ವ್ಯೂಬಾಕ್ಸ್ (ಒಳಗಿನ ಅಳತೆಯ ಚೌಕಟ್ಟು) 0 0 300 200 ಇಟ್ಟರೆ ಒಳಗಿನ ಒಂದು ಯೂನಿಟ್ 1 ಮಿ.ಮೀ. ಆಗುತ್ತದೆ. ಹೊರಗಿನ ಫೈಲ್ ತೆಗೆದುಕೊಳ್ಳುವಾಗ ಎಚ್ಚರ: ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ 0.92ನೇ ಆವೃತ್ತಿಗಿಂತ ಹಳೆಯ ಇಂಕ್‌ಸ್ಕೇಪ್ ಇಂಚಿಗೆ 90 ಪಿಕ್ಸೆಲ್ ಹಿಡಿಯುತ್ತಿತ್ತು, ಇಲಸ್ಟ್ರೇಟರ್ 72 ಹಿಡಿಯುತ್ತದೆ. 100 ಮಿ.ಮೀ. ಇರಬೇಕಾದ ತುಂಡು 93.75 ಬಂದರೆ ಮೊದಲನೆಯದನ್ನು, 75 ಬಂದರೆ ಎರಡನೆಯದನ್ನು ಅನುಮಾನಿಸಿ. ವೈ ಅಕ್ಷ ಪರದೆಯಲ್ಲಿ ಕೆಳಕ್ಕೆ, ಯಂತ್ರದಲ್ಲಿ ಸಾಮಾನ್ಯವಾಗಿ ಮೇಲಕ್ಕೆ ಬೆಳೆಯುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ ಒಂದೇ ಕಡೆ ತಿರುಗಿಸಿ.

ಕಷ್ಟ ಇರುವುದು ಹಂಚಿಕೊಂಡ ದಾಖಲೆಯಲ್ಲಿ. ಇಡೀ ಪಾತ್ (ಆಕಾರದ ಗೆರೆ) ಅನ್ನು ಒಂದೇ ಸ್ಟ್ರಿಂಗ್ ಆಗಿ, ಹಲವರ ಬದಲಾವಣೆಗಳನ್ನು ಕೂಡಿಸುವ ವೈಜೆಎಸ್ ಲೈಬ್ರರಿಯ ಮ್ಯಾಪ್‌ನಲ್ಲಿಟ್ಟರೆ, ಇಬ್ಬರು ಒಂದೇ ಆಕಾರದ ಎರಡು ಮೂಲೆ ಎಳೆದಾಗ ಒಬ್ಬರ ಕೆಲಸ ಸದ್ದಿಲ್ಲದೆ ಹೋಗುತ್ತದೆ. ಅಕ್ಷರ ಅಕ್ಷರವಾಗಿ ಕೂಡಿಸುವ ಅದರ ಟೆಕ್ಸ್ಟ್ ಆಗಿಟ್ಟರೆ ಇನ್ನೂ ಕೆಟ್ಟದು: 12.5 ಅಳಿಸಿ ಒಬ್ಬರು 14, ಇನ್ನೊಬ್ಬರು 17 ಬರೆದರೆ ಕೂಡಿಕೊಂಡು 1417 ಆಗಬಹುದು. ಪ್ರತಿ ಬಿಂದುವಿಗೂ ತನ್ನದೇ ಐಡಿ ಇರಲಿ, ಅದರ ಅಳತೆಗಳು ಮೈಕ್ರಾನ್‌ನ ಪೂರ್ಣಾಂಕಗಳಾಗಿರಲಿ.

ಅಷ್ಟಾದರೂ ಸಾಲದು. ಒಬ್ಬರು ಹಲಗೆಯ ದಪ್ಪವನ್ನು 3ರಿಂದ 4 ಮಿ.ಮೀ.ಗೆ ಬದಲಿಸುತ್ತಾರೆ, ಅದೇ ಹೊತ್ತಿಗೆ ಇನ್ನೊಬ್ಬರು ಹಲಗೆ ಸಿಕ್ಕಿಸಲು 3 ಮಿ.ಮೀ. ಸ್ಲಾಟ್ ಸೇರಿಸುತ್ತಾರೆ. ಎರಡೂ ಸಲೀಸಾಗಿ ಕೂಡಿಕೊಳ್ಳುತ್ತವೆ, ಕತ್ತರಿಸಿದ ಮೇಲೆ ಹಲಗೆ ಸ್ಲಾಟ್‌ನೊಳಗೆ ಹೋಗುವುದಿಲ್ಲ. ಎಲ್ಲರ ಪರದೆಯಲ್ಲೂ ಒಂದೇ ದಾಖಲೆ ಇರುವಂತೆ ನೋಡಿಕೊಳ್ಳುವುದಷ್ಟೇ ವೈಜೆಎಸ್‌ನಂಥ ಸಿಆರ್‌ಡಿಟಿಯ (ಹಲವರ ಬದಲಾವಣೆಗಳನ್ನು ತಾನಾಗಿ ಕೂಡಿಸುವ ದತ್ತಾಂಶ ರಚನೆ) ಹೊಣೆ. ಅದು ಸರಿಯಿದೆಯೇ ಎಂದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಸ್ಲಾಟ್‌ನ ಅಗಲಕ್ಕೆ ಅಂಕಿ ಬರೆಯದೆ ‘ದಪ್ಪ’ ಎಂಬ ಪ್ಯಾರಾಮೀಟರ್‌ಗೆ ಕಟ್ಟಿಹಾಕಿ, ಪಾತ್ ಅನ್ನು ಪ್ರತಿ ಬ್ರೌಸರ್ ತಾನೇ ಲೆಕ್ಕಹಾಕಲಿ.

ಕರ್ಫ್ (ಲೇಸರ್ ಸುಟ್ಟು ತೆಗೆಯುವ ಸೀಳಿನ ಅಗಲ) ಮಾತ್ರ ದಾಖಲೆಗೆ ಸೇರಬಾರದು. ಅದು ಯಂತ್ರ, ಲೆನ್ಸ್, ವಸ್ತುವಿಗೆ ತಕ್ಕಂತೆ ಬದಲಾಗುತ್ತದೆ. ಕರ್ಫ್ 0.15 ಮಿ.ಮೀ. ಇದ್ದರೆ 3 ಮಿ.ಮೀ. ಸ್ಲಾಟ್ 3.15 ಆಗಿ ಸಡಿಲವಾಗುತ್ತದೆ; ಎಕ್ಸ್‌ಪೋರ್ಟ್ ಹೊತ್ತಿನಲ್ಲಿ 2.85ಕ್ಕೆ ಇಳಿಸಿ.

ಎಳೆಯುತ್ತಿರುವಾಗಿನ ಚಲನೆ, ಇತರರ ಕರ್ಸರ್ ಎಲ್ಲ ವೈಜೆಎಸ್‌ನ ಅವೇರ್‌ನೆಸ್‌ನಲ್ಲಿ (ದಾಖಲೆಗೆ ಸೇರದ ಕ್ಷಣಿಕ ಸುದ್ದಿ) ಹೋಗಲಿ. ಬೆರಳು ಎತ್ತಿದ ಮೇಲಷ್ಟೇ ದಾಖಲೆಗೆ ಬರೆಯಿರಿ. ಅಂಡೂ ಮ್ಯಾನೇಜರ್‌ಗೆ ನಿಮ್ಮ ಒರಿಜಿನ್ (ಬದಲಾವಣೆ ಎಲ್ಲಿಂದ ಬಂತೆಂಬ ಗುರುತು) ಮಾತ್ರ ತೋರಿಸಿ, ಇಲ್ಲದಿದ್ದರೆ ನಿಮ್ಮ ಅಂಡೂ ಪಕ್ಕದವರ ಕೆಲಸವನ್ನೂ ಅಳಿಸೀತು.

ಕತ್ತರಿಸುವ ಮುಂಚೆ ದಾಖಲೆಯ ಸ್ನ್ಯಾಪ್‌ಶಾಟ್ ತೆಗೆದು, ಅದರಿಂದಲೇ ಜಿ-ಕೋಡ್ (ಯಂತ್ರ ಓದುವ ಆಜ್ಞೆಗಳ ಸಾಲು) ಮಾಡಿ. ಕಳಿಸಲು ವೆಬ್ ಸೀರಿಯಲ್, ಎಂದರೆ ಬ್ರೌಸರ್‌ನಿಂದಲೇ ಸೀರಿಯಲ್ ಪೋರ್ಟ್ ಮುಟ್ಟುವ ದಾರಿ: ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್ ಬೇಕು, ಪೋರ್ಟ್ ಕೇಳಲು ಬಳಕೆದಾರರ ಕ್ಲಿಕ್ ಬೇಕು. ಯಂತ್ರದಲ್ಲಿ ಅದನ್ನು ನಡೆಸುವ ಫರ್ಮ್‌ವೇರ್ ಜಿಆರ್‌ಬಿಎಲ್ 1.1 ಇದ್ದರೆ ಬಾಡ್ ರೇಟ್ 115200, ಆರ್ಡ್ವಿನೋ ಊನೋದಲ್ಲಿ ಸ್ವೀಕರಿಸುವ ಬಫರ್ 128 ಬೈಟ್. ಒಂದು ಸಾಲು ಕಳಿಸಿ ‘ಓಕೆ’ ಬರುವತನಕ ಕಾಯುವುದೇ ಶುರುವಿಗೆ ಕ್ಷೇಮ. ಆ ‘ಓಕೆ’ ಒಮ್ಮೊಮ್ಮೆ ಎರಡು ತುಂಡಾಗಿ ಬರುತ್ತದೆ, ಸಾಲು ಮುಗಿಯುವವರೆಗೆ ಕೂಡಿಸಿಡಿ. ಟೈಮರ್ ನೆಚ್ಚಿ ಸಾಲು ಕಳಿಸಬೇಡಿ: ಟ್ಯಾಬ್ ಹಿನ್ನೆಲೆಗೆ ಹೋದರೆ ಕ್ರೋಮ್ ಟೈಮರ್‌ಗಳನ್ನು ಸೆಕೆಂಡಿಗೊಮ್ಮೆಗೆ ಇಳಿಸುತ್ತದೆ, ಲೇಸರ್ ನಿಂತು ನಿಂತು ಸಾಗುತ್ತದೆ.

ಜಿಆರ್‌ಬಿಎಲ್‌ನ ಚಲನೆ ತಡೆಯುವ ಆಜ್ಞೆ ‘!’ ಒಂದೇ ಬೈಟ್, ಸರದಿ ಕಾಯದೆ ನೇರ ಹೋಗುತ್ತದೆ. ಅದರ ಗುಂಡಿಯನ್ನು ಕೋಣೆಯಲ್ಲಿರುವ ಎಲ್ಲರಿಗೂ ಕೊಡಬಹುದು. ಶುರು ಮಾಡುವ ಗುಂಡಿ ಮಾತ್ರ ಯಂತ್ರದ ಮುಂದೆ ಕೂತವರ ಬ್ರೌಸರ್‌ನಲ್ಲಷ್ಟೇ ಇರಲಿ; ನೆಟ್‌ವರ್ಕ್ ಕೈಕೊಟ್ಟಾಗ ಎಮರ್ಜೆನ್ಸಿ ಸ್ವಿಚ್ ಒತ್ತುವವರು ಅವರೇ.