‘ಗುರ್ತ ಸಿಕ್ತಾ?’ ಅಂತ ಕೇಳಬೇಡಿ

ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ನಮ್ಮ ಕಡೆ ಒಬ್ಬೊಬ್ಬರಾಗಿ ನೆಂಟರು ಬರುತ್ತಾರೆ. ಹಣ್ಣಿನ ಚೀಲ ಮೇಜಿನ ಮೇಲಿಟ್ಟು, ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೇಳುವ ಮೊದಲ ಮಾತು, "ಗುರ್ತ ಸಿಕ್ತಾ? ನಾನು ಯಾರು, ಹೇಳಿ ನೋಡುವಾ?" ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಉಡುಪಿಯಲ್ಲಿ ನ್ಯೂರೋಸೈಕಾಲಜಿಸ್ಟ್ ಆಗಿ ನೆನಪು ಕಳೆದುಕೊಂಡವರ ಜೊತೆ ದಿನವೂ ಕೂರುವ ನನಗೆ ತುಂಬ ಸಂಕಟ ಕೊಡುವ ಪ್ರಶ್ನೆ ಇದು. ಯಾಕೆ ಅಂತ ಹೇಳುತ್ತೇನೆ.

ಉಡುಪಿ ಹತ್ತಿರ, ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆಯ ಒಬ್ಬರು ತಾಯಿ ಇದ್ದಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹರ್ಪಿಸ್ ವೈರಸ್‌ನಿಂದ ಮಿದುಳು ಜ್ವರ ಬಂದು, ಜೀವ ಉಳಿಯಿತು, ಹೊಸ ನೆನಪು ಕೂಡಿಡುವ ಶಕ್ತಿ ಹೋಯಿತು. ಎರಡೂ ಕಿವಿಗಳ ನೇರಕ್ಕೆ, ಮಿದುಳಿನ ಒಳಗೆ, ಹಿಪೊಕ್ಯಾಂಪಸ್ ಅಂತ ಒಂದು ಭಾಗ ಇದೆ. ಇವತ್ತು ನಡೆದದ್ದು ನಾಳೆಗೆ ಉಳಿಯಬೇಕಾದರೆ ಅದು ಕೆಲಸ ಮಾಡಬೇಕು. ಈ ವೈರಸ್ ಹೆಚ್ಚಾಗಿ ಅದರ ಆಸುಪಾಸಿಗೇ ಹೊಡೆಯುತ್ತದೆ. ಈ ಅಮ್ಮನಿಗೆ ತನ್ನ ಮದುವೆ ದಿನದ್ದೆಲ್ಲ ನೆನಪಿದೆ, ಹತ್ತು ನಿಮಿಷದ ಹಿಂದೆ ಚಾ ಕುಡಿದದ್ದು ನೆನಪಿಲ್ಲ.

ಅವರ ಮನೆಗೆ ಮೊದಲ ಸಲ ಹೋದಾಗ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಬಾಳೆನಾರು, ಎದುರಿಗೆ ಮೊಗ್ಗಿನ ರಾಶಿ. ಬೆರಳು ಎಷ್ಟು ಚುರುಕಾಗಿ ಓಡುತ್ತಿತ್ತು ಅಂದರೆ ನಾನು ಬಂದ ಕೆಲಸ ಮರೆತು ನೋಡುತ್ತಾ ನಿಂತೆ. ಆದರೆ ಮಗಳ ದುಃಖ ಬೇರೆ ಇತ್ತು. ಇಲ್ಲಿ ಮಲ್ಲಿಗೆ ಮಾರುವುದು ಎಣಿಸಿ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಮ್ಮನ ಕೈ ತಪ್ಪುವುದಿಲ್ಲ, ಲೆಕ್ಕ ತಪ್ಪುತ್ತದೆ. ಮುನ್ನೂರು ಆಯ್ತಾ, ಐನೂರು ಆಯ್ತಾ ಗೊತ್ತಾಗದೆ ಬಿಚ್ಚಿ ಮತ್ತೆ ಶುರು ಮಾಡುತ್ತಾರೆ.

ಕೈ ನೆನಪು ಬೇರೆ, ಘಟನೆಯ ನೆನಪು ಬೇರೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿ. ಅಪಸ್ಮಾರಕ್ಕೆಂದು 1953ರಲ್ಲಿ ಅವರ ಮಿದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಮೊಲೈಸನ್‌ಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಅಂಚಿನಲ್ಲಿ ಗೆರೆ ಎಳೆಯಲು ಕಲಿಸಿದರು. ಮೂರು ದಿನದಲ್ಲಿ ಚೆನ್ನಾಗಿ ಎಳೆಯತೊಡಗಿದರು, ಆದರೆ ಇದನ್ನು ಮೊದಲು ಮಾಡಿದ್ದೇನೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಕೆಲಸ ನಿಂತಿರುವುದು ಈ ಉಳಿದ ಶಕ್ತಿಯ ಮೇಲೆ. ಕಾಗ್ನಿಟಿವ್ ರಿಹ್ಯಾಬಿಲಿಟೇಶನ್, ಅಂದರೆ ನೆನಪು, ಗಮನ ಕುಂದಿದವರಿಗೆ ದಿನದ ಬದುಕು ನಡೆಸಲು ಕೊಡುವ ತರಬೇತಿ, ಅಂದ ಕೂಡಲೇ ಕಂಪ್ಯೂಟರ್ ಆಟ, ಪದಗಳ ಪಟ್ಟಿ ಬಾಯಿಪಾಠ ಅಂದುಕೊಳ್ಳುತ್ತಾರೆ. ಶುರುವಿನ ವರ್ಷಗಳಲ್ಲಿ ನಾನೂ ಅದನ್ನೇ ಮಾಡಿಸಿದ್ದೆ. ಒಬ್ಬರಿಗೆ ವಾರಗಟ್ಟಲೆ ಪಟ್ಟಿ ಓದಿಸಿದೆ, ಪಟ್ಟಿ ಬಂತು. ಮನೆಯಲ್ಲಿ ಗ್ಯಾಸ್ ಆರಿಸುವುದು ಬರಲಿಲ್ಲ. ಆ ಮನೆಯವರ ಎಷ್ಟೋ ದಿನ ಹಾಗೆ ಹೋಯಿತಲ್ಲ ಅಂತ ಈಗಲೂ ಬೇಸರ ಆಗುತ್ತದೆ. ನೆನಪು ವ್ಯಾಯಾಮದಿಂದ ದಪ್ಪವಾಗುವ ತೋಳಲ್ಲ. ಆ ಮನೆಯಲ್ಲಿ ಬೇಕಾದ ಆ ಒಂದು ಕೆಲಸವನ್ನು, ಆ ಮನೆಯಲ್ಲೇ ಕಲಿಸಬೇಕು.

ಈಗ ‘ಗುರ್ತ ಸಿಕ್ತಾ?’ ಅನ್ನುವ ಆ ಪ್ರಶ್ನೆಗೆ ಬರುತ್ತೇನೆ. ನಾವು ತಪ್ಪು ಮಾಡಿ ತಿದ್ದಿಕೊಂಡು ಕಲಿಯುತ್ತೇವೆ, ಅಲ್ವಾ? ಅದಕ್ಕೆ ತಪ್ಪು ಮಾಡಿದ್ದೆ ಅನ್ನುವುದು ನೆನಪಿರಬೇಕು. ನೆನಪು ತೀರಾ ಹೋದವರಿಗೆ ಅದು ಇರುವುದಿಲ್ಲ, ಬಾಯಿಂದ ಹೊರಟ ತಪ್ಪು ಉತ್ತರ ಮಾತ್ರ ಅಂಟಿಕೊಳ್ಳುತ್ತದೆ. "ಹೇಳಿ ನೋಡುವಾ" ಅಂದಾಗ ಸುಮ್ನೆ ಒಂದು ಹೆಸರು ಊಹಿಸುತ್ತಾರೆ, ನಾಳೆಯೂ ಅದೇ ಹೆಸರು ಬರುತ್ತದೆ. ಹೀಗೆ ಊಹಿಸಲು ಬಿಡದೆ ಕಲಿಸಿದರೆ ಅವರು ಹೆಚ್ಚು ಕಲಿಯುತ್ತಾರೆ ಅಂತ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ತೋರಿಸಿದರು. ಮರೆವು ಸ್ವಲ್ಪವೇ ಇದ್ದವರು ಯೋಚಿಸಿ ನೆನಪಿಸಿಕೊಳ್ಳಲು ಪ್ರಯತ್ನಿಸುವುದು ಒಳ್ಳೆಯದೇ. ನಾನು ಹೇಳುತ್ತಿರುವುದು ಜಾಸ್ತಿ ಮರೆವು ಇದ್ದವರ ವಿಷಯ.

ಈ ಅಮ್ಮ ಮಾತ್ರೆಯನ್ನು ಎರಡೆರಡು ಸಲ ನುಂಗುತ್ತಿದ್ದರು. ಅದು ಅಪಾಯ, ಹಾಗಾಗಿ ಮೊದಲು ಅದನ್ನೇ ಹಿಡಿದೆವು. ವಾರದ ಮಾತ್ರೆ ಡಬ್ಬಿ ತಂದು, ಗೋಡೆಯ ಕ್ಯಾಲೆಂಡರಿಗೆ ದಾರದಲ್ಲಿ ಪೆನ್ನು ಕಟ್ಟಿದೆವು. ಮಾತ್ರೆ ನುಂಗಿದ ಕೂಡಲೇ ಒಂದು ಗೀಟು. ಆದರೆ ಕ್ಯಾಲೆಂಡರ್ ನೋಡಬೇಕು ಅನ್ನುವುದೇ ಮರೆತುಹೋದರೆ? ಅದಕ್ಕೆ ಮಗಳು ಮೊದಲು ಉತ್ತರವನ್ನು ಹೇಳಿಕೊಟ್ಟಳು: "ಮಾತ್ರೆ ಆಯ್ತಾ ಅಂತ ಕ್ಯಾಲೆಂಡರಲ್ಲಿ ನೋಡುವುದು." ಕೂಡಲೇ ಕೇಳಿದಳು, "ಎಲ್ಲಿ ನೋಡುವುದಮ್ಮಾ?" ಸರಿ ಹೇಳಿದರೆ 15 ಸೆಕೆಂಡ್ ಬಿಟ್ಟು ಮತ್ತೆ, ಆಮೇಲೆ 30 ಸೆಕೆಂಡ್, 1 ನಿಮಿಷ, 2, 4, 8, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗುವುದು. ಮಧ್ಯೆ ಬೇರೆ ಮಾತು, ತೆಂಗಿನಕಾಯಿ ರೇಟು, ಪಕ್ಕದ ಮನೆಯ ಕರು. ಎಲ್ಲಾದರೂ ತಡವರಿಸಿದರೆ ಊಹಿಸಲು ಬಿಡದೆ ಉತ್ತರ ಹೇಳಿಕೊಟ್ಟು, ಅವರಿಂದ ಹೇಳಿಸಿ, ಹಿಂದೆ ಗೆದ್ದ ಅಂತರಕ್ಕೆ ವಾಪಸ್ ಬರಬೇಕು. ಹೇಳಿಸುವುದಷ್ಟೇ ಸಾಲದು, ಪ್ರತಿ ಸಲ ಎದ್ದು ಹೋಗಿ ಕ್ಯಾಲೆಂಡರ್ ಮುಟ್ಟಿಸಿದೆವು. ಎಲ್ಲ ತುಳುವಿನಲ್ಲಿ, ಯಾಕೆಂದರೆ ಆ ಮನೆಯ ಮಾತು ತುಳು. ಬ್ಯಾರಿ, ಕೊಂಕಣಿ ಮಾತಾಡುವವರಿಗೆ ಅದರಲ್ಲೇ ಕಲಿಸಬೇಕು. ಕೆಲವು ವಾರ ಹಿಡಿಯಿತು. ಈಗ ಅವರು ತಾವಾಗಿಯೇ ಗೋಡೆಯ ಹತ್ತಿರ ಹೋಗುತ್ತಾರೆ. ಇದನ್ನು ಯಾರು ಕಲಿಸಿದ್ದು ಅಂತ ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಹೂವಿನ ಲೆಕ್ಕಕ್ಕೆ ಮಗಳೇ ದಾರಿ ಕಂಡುಹಿಡಿದಳು. ಬಾಳೆ ಎಲೆಯ ಮೇಲೆ ನೂರು ನೂರು ಮೊಗ್ಗಿನ ಎಂಟು ಗುಂಪು ಮಾಡಿಡುತ್ತಾಳೆ. ಎಲೆ ಖಾಲಿಯಾದರೆ ಚೆಂಡು ಆಯ್ತು. ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ, ಎಲೆಯ ಮೇಲಿದೆ. ಇದಕ್ಕಿಂತ ಒಳ್ಳೆಯ ಚಿಕಿತ್ಸೆ ನನಗೂ ಹೊಳೆದಿರಲಿಲ್ಲ.

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಹುಡುಗರೂ ತುಂಬ ಬರುತ್ತಾರೆ, ಅದು ನಮ್ಮೂರಿನ ಹೆದ್ದಾರಿ 66ರ ಕೃಪೆ ಅಲ್ಲ, ಹೆಲ್ಮೆಟ್ ಇಲ್ಲದ ತಲೆಗಳ ಕಥೆ. ಇವರಿಗೆ ಫೋನ್ ದೊಡ್ಡ ಆಸರೆ. ಆದರೆ ಬರೀ ಅಲಾರಂ ಸಾಲದು. ಮಂಗಳೂರಿನಲ್ಲಿ ಕೆಲಸಕ್ಕೆ ಮರಳಿದ ಒಬ್ಬ ಹುಡುಗ, "ಅಲಾರಂ ಹೊಡೀತದೆ ಮೇಡಂ, ಯಾಕೆ ಹೊಡೀತದೆ ಅಂತ ಗೊತ್ತಾಗೋದಿಲ್ಲ" ಅಂದಿದ್ದ. ಈಗ ಪ್ರತಿ ಅಲಾರಂ ಜೊತೆ ಪೂರ್ತಿ ವಾಕ್ಯ ಬರೆದಿಡುತ್ತಾನೆ: "ಎದ್ದು ಹೋಗಿ ಗೋಡೌನ್ ಬೀಗ ಹಾಕು."

ಇನ್ನೊಂದು ಮಾತು. ಮರೆವು ಅಂದರೆ ವಯಸ್ಸಾಯ್ತು ಅಂತ ಬಿಟ್ಟುಬಿಡಬೇಡಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಕೆಲವು ನಿದ್ರೆ ಮಾತ್ರೆ, ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಸುಧಾರಿಸಬಹುದು. ಮೊದಲು ಡಾಕ್ಟರಿಗೆ ತೋರಿಸಿ. ಆಲ್ಝೈಮರ್ಸ್ ಇದ್ದರೆ ಕಾಯಿಲೆ ಮುಂದುವರಿಯುತ್ತದೆ, ಈ ತರಬೇತಿ ಅದನ್ನು ನಿಲ್ಲಿಸುವುದಿಲ್ಲ. ಆದರೂ ಬಚ್ಚಲಿನ ಬಾಗಿಲು ತಾನೇ ಹುಡುಕಿಕೊಂಡು ಹೋಗುವುದು ಇನ್ನಷ್ಟು ದಿನ ಉಳಿದರೆ ಅದು ಸಣ್ಣ ವಿಷಯ ಅಲ್ಲ.

ಹೋದ ಸಲ ಶಂಕರಪುರಕ್ಕೆ ಹೋದಾಗ ಆ ಅಮ್ಮನ ತಂಗಿ ಬಂದರು. ಮೆಟ್ಟಿಲ ಹತ್ತಿರವೇ ನಿಂತು, "ಅಕ್ಕಾ, ನಾನು ನಿನ್ನ ತಂಗಿ, ಕಟಪಾಡಿಯಿಂದ ಬಂದೆ, ಹೂ ಕಟ್ಟಲಿಕ್ಕೆ" ಅಂದರು. ಅಮ್ಮ ತಲೆ ಎತ್ತಿ ನೋಡಿ, ಪಕ್ಕದ ಚಾಪೆ ಸರಿಮಾಡಿದರು. "ಬಾ, ಕೂತ್ಕೋ. ನಾರು ಅಲ್ಲಿದೆ, ತಗೋ."