ಹೊಸ ಕೋರ್ಸ್, ಬದಲಾದ ಸಿಲಬಸ್: ಒಪ್ಪಿಗೆಯ ಗಡುವುಗಳ ಲೆಕ್ಕ

ಮೊದಲು ಒಂದು ಪದವನ್ನು ಬಿಡಿಸಿಕೊಳ್ಳೋಣ. ನಮ್ಮ ಕಾಲೇಜುಗಳಲ್ಲಿ ಕೋರ್ಸ್ ಎಂದರೆ ಬಿ.ಸಿ.ಎ., ಬಿ.ಕಾಂ. ಥರದ ಇಡೀ ಪದವಿ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಡತದಲ್ಲಿ ಅದು ಪ್ರೋಗ್ರಾಂ. ಅಲ್ಲಿ ಕೋರ್ಸ್ ಎಂದರೆ ನಾವು ಪೇಪರ್ ಅಥವಾ ಪತ್ರಿಕೆ ಎನ್ನುವ ಒಂದು ವಿಷಯ ಮಾತ್ರ. ಈ ಗೊಂದಲದಿಂದಲೇ ಎಷ್ಟೋ ಪ್ರಸ್ತಾವನೆಗಳು ತಪ್ಪು ಮೇಜಿಗೆ ಹೋಗಿ ಒಂದೆರಡು ತಿಂಗಳು ಕೂತುಬಿಡುತ್ತವೆ. ಈ ಟಿಪ್ಪಣಿಯಲ್ಲಿ ಪದವಿಗೆ ಕೋರ್ಸ್, ಒಂದು ವಿಷಯಕ್ಕೆ ಪತ್ರಿಕೆ ಎಂದೇ ಬರೆಯುತ್ತೇವೆ.

ಬೆಂಗಳೂರು, ಮೈಸೂರು, ಧಾರವಾಡದ ಕರ್ನಾಟಕ, ಮಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳೆಲ್ಲ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅಡಿ ನಡೆಯುತ್ತವೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ 1994ರ ಪ್ರತ್ಯೇಕ ಕಾಯ್ದೆಗಳಿವೆ. ಕಡತ ಸಾಗುವ ದಾರಿ ಮಾತ್ರ ಹೆಚ್ಚುಕಡಿಮೆ ಒಂದೇ: ಒಂದು ವಿಷಯದ ಪಠ್ಯ ರೂಪಿಸುವ ಅಧ್ಯಯನ ಮಂಡಳಿ, ಅಂದರೆ ಎಲ್ಲರ ಬಾಯಲ್ಲಿ ಬಿಓಎಸ್, ಅಲ್ಲಿಂದ ನಿಕಾಯ (ಫ್ಯಾಕಲ್ಟಿ), ನಂತರ ವಿದ್ಯಾವಿಷಯಕ ಪರಿಷತ್ತು, ಹಣ, ಹುದ್ದೆ, ಕಾಲೇಜಿನ ಸಂಯೋಜನೆಯ (ಅಫಿಲಿಯೇಷನ್) ಮಾತಿದ್ದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್. ಪದವಿಯ ವಿನಿಯಮಗಳ ಮೊದಲ ಪುಟದಲ್ಲಿ ‘44(1)(ಸಿ) ಪ್ರಕರಣದ ಅಡಿ’ ಎಂಬ ಸಾಲು ಕಾಣುತ್ತದಲ್ಲ, ಅದು ಈ ಅಧಿನಿಯಮದ್ದೇ.

ಗಡುವು ಎಂದರೆ ಪರಿಷತ್ತಿನ ಸಭೆಯ ದಿನ ಎಂದು ಹೊಸಬರು ತಿಳಿಯುತ್ತಾರೆ. ನಿಜವಾದ ಗಡುವು ಆ ಸಭೆಯ ಕಾರ್ಯಸೂಚಿ ಮುಚ್ಚುವ ದಿನ. ಪರಿಷತ್ತು ತಿಂಗಳು ತಿಂಗಳು ಸೇರುವುದಿಲ್ಲ. ಕಾರ್ಯಸೂಚಿ ಮುಚ್ಚಿದ ಮರುದಿನ ಕಡತ ತಲುಪಿದರೆ ನೀವು ತಪ್ಪಿಸಿಕೊಂಡದ್ದು ಒಂದು ದಿನವನ್ನಲ್ಲ, ಒಂದು ಸೆಮಿಸ್ಟರನ್ನು. ಆದ್ದರಿಂದ ದಿನಗಳನ್ನು ಇವತ್ತಿನಿಂದ ಮುಂದಕ್ಕಲ್ಲ, ತರಗತಿ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಬೇಕು.

ಒಂದು ಉದಾಹರಣೆ ಹಿಡಿಯೋಣ. ಐದನೇ ಸೆಮಿಸ್ಟರಿಗೆ ಹೊಸ ಐಚ್ಛಿಕ ಪತ್ರಿಕೆ ಬೇಕು, ತರಗತಿ ಆಗಸ್ಟ್ 1ಕ್ಕೆ. ವೇಳಾಪಟ್ಟಿ, ಕಾರ್ಯಭಾರ, ಪುಸ್ತಕ ತರಿಸುವುದಕ್ಕೆ ನಾಲ್ಕು ವಾರ ಬೇಕು. ಅಂದರೆ ಜುಲೈ 1ರೊಳಗೆ ಅಧಿಸೂಚನೆ ಕೈಯಲ್ಲಿರಬೇಕು. ಪರಿಷತ್ತಿನ ನಡಾವಳಿ ಬರೆದು, ಸಹಿಯಾಗಿ, ಅಧಿಸೂಚನೆ ಹೊರಡಲು ಮೂರು ವಾರ ಹಿಡಿಯಿರಿ. ಸಭೆ ಜೂನ್ ಮೊದಲ ವಾರಕ್ಕೆ ಬಂತು. ಕಾರ್ಯಸೂಚಿ ಸದಸ್ಯರಿಗೆ ಎರಡು ಮೂರು ವಾರ ಮೊದಲೇ ಹೋಗಬೇಕು; ನಿಮ್ಮ ಕಾಗದ ಮೇ ಎರಡನೇ ವಾರಕ್ಕೆ ಶೈಕ್ಷಣಿಕ ವಿಭಾಗದಲ್ಲಿರಬೇಕು. ನಿಕಾಯದ ಸಭೆಗೆ ಏಪ್ರಿಲ್ ಕೊನೆ, ಬಿಓಎಸ್‌ಗೆ ಮಾರ್ಚ್. ಬಿಓಎಸ್‌ನ ಹೊರಗಿನ ಸದಸ್ಯರು ಕರಡನ್ನು ಓದಿ ತಿದ್ದಬೇಕೆಂದರೆ ಅದು ಫೆಬ್ರವರಿಯಲ್ಲೇ ಅವರ ಕೈಗೆ ತಲುಪಬೇಕು. ಅಲ್ಲಿಗೆ ಆರು ತಿಂಗಳು. ಇದು ಬರೀ ಒಂದು ಪತ್ರಿಕೆಗೆ. ಹೊಸ ಕೋರ್ಸಿಗಾದರೆ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮೊದಲೇ ಕೆಲಸ ಶುರುವಾಗಬೇಕು. ವಾರಗಳ ಈ ಲೆಕ್ಕ ಅಂದಾಜಿನದು. ನಿಮ್ಮ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿರುವ ದಿನಾಂಕಗಳನ್ನು ಇದರ ಮೇಲೆ ಕೂರಿಸಿಕೊಳ್ಳಿ.

ಯಾವ ಬದಲಾವಣೆ ಎಲ್ಲಿಯವರೆಗೆ ಹೋಗಬೇಕು ಎಂಬುದೇ ಮುಂದಿನ ಪ್ರಶ್ನೆ. ಪರಾಮರ್ಶನ ಪುಸ್ತಕಗಳ ಪಟ್ಟಿ ಹೊಸದಾದರೆ, ಘಟಕದೊಳಗೆ ಒಂದೆರಡು ಅಂಶಗಳ ಹಿಂದುಮುಂದಾದರೆ ಸಾಮಾನ್ಯವಾಗಿ ಬಿಓಎಸ್ ನಡಾವಳಿಯಲ್ಲೇ ಮುಗಿಯುತ್ತದೆ. ಶೀರ್ಷಿಕೆ, ಕ್ರೆಡಿಟ್, ಅಂಕ ಹಂಚಿಕೆ, ಪ್ರವೇಶದ ಅರ್ಹತೆ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಪರಿಷತ್ತಿಗೆ ಹೋಗಲೇಬೇಕು. ಪದವಿಯ ಹೆಸರನ್ನೇ ಮುಟ್ಟಿದರೆ ವಿಶ್ವವಿದ್ಯಾಲಯದ ಹೊರಗಿನ ಗೋಡೆ ಎದುರಾಗುತ್ತದೆ: 1956ರ ಯುಜಿಸಿ ಕಾಯ್ದೆಯ 22ನೇ ಪ್ರಕರಣದ ಪ್ರಕಾರ ಯುಜಿಸಿ ಅಧಿಸೂಚಿಸಿದ ಪದವಿಗಳನ್ನಷ್ಟೇ ಕೊಡಬಹುದು. 2014ರ ಪಟ್ಟಿಯನ್ನು ಕಣ್ಣೆದುರು ಇಟ್ಟುಕೊಳ್ಳದೆ ಆಕರ್ಷಕ ಹೆಸರು ಕಟ್ಟಿದರೆ ಕೊನೆಯ ಮೆಟ್ಟಿಲಲ್ಲಿ ಕಡತ ವಾಪಸಾಗುತ್ತದೆ. ಪಟ್ಟಿಯಲ್ಲಿರುವ ಬಿ.ಎಸ್ಸಿ.ಯನ್ನೇ ಉಳಿಸಿಕೊಂಡು ವಿಷಯವನ್ನು ಆವರಣದಲ್ಲಿ ಸೂಚಿಸುವುದು ಸುರಕ್ಷಿತ ದಾರಿ.

ಇನ್ನು ಕ್ರೆಡಿಟ್ ಲೆಕ್ಕ. ಕಡತ ಅತಿ ಹೆಚ್ಚು ಸಲ ಹಿಂದಕ್ಕೆ ಬರುವುದು ಇಲ್ಲಿಂದಲೇ. ಥಿಯರಿಗೆ 1 ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ. ಪ್ರಾಯೋಗಿಕಕ್ಕೆ 30 ಗಂಟೆ. 4 ಕ್ರೆಡಿಟ್ ಪತ್ರಿಕೆಗೆ 60 ಗಂಟೆ, ಹನ್ನೆರಡು ಗಂಟೆಯ ಐದು ಘಟಕ. ಮಂಡಳಿ ಉತ್ಸಾಹದಿಂದ 10 ಗಂಟೆಯ ಆರನೇ ಘಟಕ ಸೇರಿಸುತ್ತದೆ, ಹಳೆಯದನ್ನು ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಮೊತ್ತ 70 ಆಯಿತು. ವಾರಕ್ಕೆ 4 ಗಂಟೆಯಂತೆ 15 ವಾರದಲ್ಲಿ ಸಿಗುವುದು 60 ಮಾತ್ರ. ಶೈಕ್ಷಣಿಕ ವಿಭಾಗದ ಗುಮಾಸ್ತರು ಕೂಡಿ ನೋಡಿ ವಾಪಸ್ ಕಳಿಸುತ್ತಾರೆ, ಮೂರು ವಾರ ಹೋಯಿತು. ಅದೇ ಥರ, ಪದವಿಯ ಎಲ್ಲ ಪತ್ರಿಕೆಗಳ ಕ್ರೆಡಿಟ್, ಅಂಕ ತೋರಿಸುವ ಸ್ಕೀಮ್ ಕೋಷ್ಟಕದಲ್ಲಿ ಪರೀಕ್ಷೆಗೆ 80, ಆಂತರಿಕಕ್ಕೆ 20 ಎಂದಿದ್ದು, ಹಳೆಯ ಫೈಲಿನಿಂದ ನಕಲು ಮಾಡಿದ ಪಠ್ಯದ ಹಾಳೆಯಲ್ಲಿ 60 ಮತ್ತು 40 ಎಂದೇ ಉಳಿದಿರುತ್ತದೆ. ಸಭೆಗೆ ಮೊದಲು ಇಬ್ಬರು ಕೂತು, ಒಬ್ಬರು ಕೋಷ್ಟಕ ಓದಿ ಇನ್ನೊಬ್ಬರು ಪಠ್ಯದ ಹಾಳೆ ತಾಳೆ ನೋಡಿದರೆ ಅರ್ಧ ಗಂಟೆಯ ಕೆಲಸ. ದಯವಿಟ್ಟು ಇದನ್ನು ಬಿಡಬೇಡಿ.

ಗಂಟೆ ಬದಲಾದರೆ ಕಾರ್ಯಭಾರವೂ ಬದಲಾಗುತ್ತದೆ. ಯುಜಿಸಿಯ 2018ರ ವಿನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಬೋಧನೆ. ಐದು ಸೆಕ್ಷನ್‌ಗಳಿರುವ ಕಾಲೇಜಿನಲ್ಲಿ ಒಂದು ಪತ್ರಿಕೆಯಿಂದ ವಾರಕ್ಕೆ 1 ಗಂಟೆ ತೆಗೆದರೆ 5 ಗಂಟೆ ಕಡಿಮೆಯಾಯಿತು. ಇನ್ನೊಂದೆರಡು ಪತ್ರಿಕೆಯಲ್ಲೂ ಹಾಗೇ ಆದರೆ ಒಬ್ಬ ಅತಿಥಿ ಉಪನ್ಯಾಸಕರ ಕೆಲಸವೇ ಹೋಗುತ್ತದೆ. ಸಿಲಬಸ್ ಸಭೆಯಲ್ಲಿ ಈ ಮಾತು ಬರಲೇಬೇಕು. ತಡವಾದ ಒಪ್ಪಿಗೆಯ ಪೆಟ್ಟು ಮೊದಲು ಬೀಳುವುದು ಅವರ ಮೇಲೇ: ಕಾರ್ಯಭಾರ ಖಚಿತವಾಗದೆ ಅವರ ನೇಮಕವೂ ಖಚಿತವಾಗುವುದಿಲ್ಲ.

ತಾಂತ್ರಿಕ ಶಿಕ್ಷಣದಲ್ಲಿ ಗಡುವುಗಳು ವಿಶ್ವವಿದ್ಯಾಲಯದ ಕೈಯಲ್ಲಷ್ಟೇ ಇಲ್ಲ. ಪಾರ್ಶ್ವನಾಥ್ ಚಾರಿಟಬಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಡಿಸೆಂಬರ್‌ನಲ್ಲಿ ಒಂದು ವೇಳಾಪಟ್ಟಿಯನ್ನೇ ಹಾಕಿಕೊಟ್ಟಿತು: ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಒಪ್ಪಿಗೆ ಕೊಡುವುದಾಗಲಿ ನಿರಾಕರಿಸುವುದಾಗಲಿ ಏಪ್ರಿಲ್ 10ರೊಳಗೆ, ವಿಶ್ವವಿದ್ಯಾಲಯದ ಸಂಯೋಜನೆಯ ತೀರ್ಮಾನ ಮೇ 15ರೊಳಗೆ, ತರಗತಿ ಆಗಸ್ಟ್ 1ಕ್ಕೆ. ಈ ಮೂರು ದಿನಾಂಕಗಳ ನಡುವಿನ ಅಂತರವನ್ನು ಗಮನಿಸಿ. ಸಂಯೋಜನೆಗೆ ಸಿಗುವುದು ಐದೇ ವಾರ. ಸ್ಥಳೀಯ ವಿಚಾರಣಾ ಸಮಿತಿ ಬಂದು ಲ್ಯಾಬ್, ಗ್ರಂಥಾಲಯ, ಬೋಧಕರ ಪಟ್ಟಿ ನೋಡುವುದು ಅದಕ್ಕೂ ಮೊದಲೇ ಮುಗಿದಿರಬೇಕು. ಕೋವಿಡ್ ಕಾಲದಲ್ಲಿ ವೇಳಾಪಟ್ಟಿ ಸಡಿಲವಾಯಿತು, ಆದರೆ ತತ್ವ ಅದೇ: ಸೀಟು ಹಂಚಿಕೆ ಶುರುವಾಗುವ ಮೊದಲು ಒಪ್ಪಿಗೆ ಮುಗಿದಿರಬೇಕು. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ಹೆಸರಿಲ್ಲದ ಕೋರ್ಸನ್ನು ವಿದ್ಯಾರ್ಥಿ ಆಪ್ಷನ್ ಎಂಟ್ರಿಯಲ್ಲಿ ಆರಿಸಲು ಆಗುವುದೇ ಇಲ್ಲ. 2024-25ರಿಂದ ಬಿ.ಸಿ.ಎ., ಬಿ.ಬಿ.ಎ. ಕೂಡ ಎಐಸಿಟಿಇ ವ್ಯಾಪ್ತಿಗೆ ಬಂದವು. ಅದುವರೆಗೆ ವಿಶ್ವವಿದ್ಯಾಲಯದ ಗಡುವನ್ನಷ್ಟೇ ನೋಡುತ್ತಿದ್ದ ಕಾಲೇಜುಗಳಿಗೆ ಎರಡನೇ ಕ್ಯಾಲೆಂಡರ್ ಸೇರಿಕೊಂಡಿತು.

ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದ ಆನ್‌ಲೈನ್ ಪತ್ರಿಕೆಗಳದ್ದು ಇನ್ನೊಂದು ಗಡಿಯಾರ. 2016ರ ಯುಜಿಸಿ ವಿನಿಯಮದಲ್ಲಿ ಪಟ್ಟಿ ಬರಬೇಕಿದ್ದುದು ಜೂನ್ 1 ಮತ್ತು ನವೆಂಬರ್ 1ಕ್ಕೆ. ಅದು ಬಂದ ನಾಲ್ಕು ವಾರದೊಳಗೆ ಪರಿಷತ್ತಿನ ಮೂಲಕ ಯಾವುದಕ್ಕೆ ಕ್ರೆಡಿಟ್ ಎಂದು ತೀರ್ಮಾನಿಸಬೇಕಿತ್ತು. ಅದರ ಜಾಗಕ್ಕೆ ಬಂದ 2021ರ ವಿನಿಯಮದಲ್ಲಿ ಇಂಥ ಪತ್ರಿಕೆಗಳ ಮಿತಿ ಶೇ. 20ರಿಂದ ಶೇ. 40ಕ್ಕೆ ಏರಿತು. ನಾಲ್ಕು ವಾರದಲ್ಲಿ ಪರಿಷತ್ತು ಸೇರುವುದು ಕಷ್ಟ, ಹಾಗಾಗಿ ಹಿಂದಿನ ಸಭೆಯಲ್ಲೇ ಒಂದು ಉಪಸಮಿತಿಗೆ ಆ ಅಧಿಕಾರ ಕೊಡಿಸಿಕೊಂಡಿರುವುದು ಜಾಣತನ.

ಸರ್ಕಾರದ ಆದೇಶವೇ ತಡವಾಗಿ ಬಂದರೆ? ಕರ್ನಾಟಕದಲ್ಲಿ ಮೂರೇ ವರ್ಷದಲ್ಲಿ ಎರಡು ಸಲ ಹೀಗಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಿಂದಲೇ ಜಾರಿ ಮಾಡುವ ಆದೇಶ ಹೊರಟದ್ದು 2021ರ ಆಗಸ್ಟ್ 7ಕ್ಕೆ. ಮೂರು ವರ್ಷದ ಪದವಿಗೆ 2024-25ರಿಂದ ಮರಳುವ ಆದೇಶ 2024ರ ಮೇ 8ಕ್ಕೆ. ಇಂಥ ಹೊತ್ತಿನಲ್ಲಿ ಮಂಡಳಿಗಳಿಗೆ ಉಳಿಯುವ ದಾರಿ ಒಂದೇ: ಇಡೀ ಪದವಿಯ ಸ್ಕೀಮ್ ಕೋಷ್ಟಕವನ್ನು ಮೊದಲು ಒಪ್ಪಿಸಿ, ವಿವರವಾದ ಪಠ್ಯವನ್ನು ಮೊದಲ ಎರಡು ಸೆಮಿಸ್ಟರಿಗಷ್ಟೇ ಸಿದ್ಧಪಡಿಸುವುದು. ಪರಿಷತ್ತಿನ ಸಭೆಗೆ ಕಾಯಲಾಗದಿದ್ದರೆ ಕುಲಪತಿಗಳ ಒಪ್ಪಿಗೆ ಪಡೆದು ಆಮೇಲೆ ಘಟನೋತ್ತರ ಅನುಮೋದನೆಗೆ ಇಡುತ್ತಾರೆ. ಇದು ತುರ್ತಿಗೆ ಇರುವ ಬಾಗಿಲು, ದಿನಾ ಓಡಾಡುವ ಬಾಗಿಲಲ್ಲ. ಪರಿಷತ್ತು ತಿದ್ದುಪಡಿ ಹೇಳಿದರೆ ಅಷ್ಟರಲ್ಲಿ ಮಕ್ಕಳು ಅರ್ಧ ಸೆಮಿಸ್ಟರ್ ಓದಿಬಿಟ್ಟಿರುತ್ತಾರೆ.

ಅಧಿಸೂಚನೆ ಬಂದರೂ ಕೆಲಸ ಮುಗಿಯುವುದಿಲ್ಲ. ಪತ್ರಿಕೆಗೆ ಹೊಸ ಸಂಕೇತ ಬೇಕು. ವಿಟಿಯುನ 18CS51 ನೋಡಿ: 18 ಎಂದರೆ 2018ರ ಸ್ಕೀಮ್, ಮುಂದಿನ ಎರಡು ಅಕ್ಷರ ವಿಭಾಗ, 5 ಸೆಮಿಸ್ಟರ್, 1 ಕ್ರಮಸಂಖ್ಯೆ. ಪಠ್ಯ ಬದಲಿಸಿ ಹಳೆಯ ಸಂಕೇತವನ್ನೇ ಇಟ್ಟರೆ ಹಿಂದಿನ ವರ್ಷ ಫೇಲಾದವರಿಗೂ ಈಗಿನವರಿಗೂ ಒಂದೇ ಪ್ರಶ್ನೆಪತ್ರಿಕೆ ಹೋಗುತ್ತದೆ, ಪರೀಕ್ಷಾ ಕೊಠಡಿಯಲ್ಲಿ ಗಲಾಟೆ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಈ ಸಂಕೇತ ವಿಶ್ವವಿದ್ಯಾಲಯಗಳ ಏಕೀಕೃತ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಏರಿದ ಮೇಲಷ್ಟೇ ವಿದ್ಯಾರ್ಥಿಗೆ ಪತ್ರಿಕೆ ಆರಿಸಲು ಸಿಗುತ್ತದೆ. ನಡಾವಳಿಯಲ್ಲಿ ಮೂರು ಸಾಲು ತಪ್ಪದೆ ಇರಲಿ: ಹೊಸ ಪಠ್ಯ ಯಾವ ವರ್ಷ ಪ್ರವೇಶ ಪಡೆದವರಿಗೆ, ಹಳೆಯ ಪಠ್ಯದ ಪರೀಕ್ಷೆ ಇನ್ನೆಷ್ಟು ಸಲ ನಡೆಯುತ್ತದೆ, ಅದಾದ ಮೇಲೂ ಉಳಿದವರು ಹೊಸದರಲ್ಲಿ ಯಾವ ಪತ್ರಿಕೆಯನ್ನು ಬದಲಿಯಾಗಿ ಬರೆಯಬೇಕು. ಈ ಮೂರೂ ಇಲ್ಲದ ನಡಾವಳಿಯನ್ನು ಕುಲಸಚಿವರ ಮೌಲ್ಯಮಾಪನ ವಿಭಾಗ ಸ್ಪಷ್ಟೀಕರಣ ಕೇಳಿ ಹಿಂದಿರುಗಿಸುತ್ತದೆ, ಆ ಪತ್ರ ಬರುವುದು ಪರೀಕ್ಷಾ ಅರ್ಜಿ ತುಂಬುವ ವಾರದಲ್ಲೇ.