ಪಂಪ್ ನಿಂತಿತು, ನೀರು ನಿಲ್ಲಲಿಲ್ಲ

"ಸಾರ್, ರಿಲೇ ಅಂಟಿಕೊಂಡಿದೆ ಅನ್ಸುತ್ತೆ. ಕುಂಡ ತುಂಬಿ ನೆಲವೆಲ್ಲ ನೀರು."

ಮನೆಯೊಳಗಿನ ಗಿಡಗಳಿಗೆ ತಾನಾಗಿ ನೀರು ಬೀಳುವ ಹಾಗೆ ಮಾಡಿಕೊಡುವುದು, ತಾವೇ ಕಟ್ಟಿಕೊಂಡವರದ್ದು ಕೈಕೊಟ್ಟಾಗ ಹೋಗಿ ನೋಡುವುದು ನನ್ನ ಕೆಲಸ. ಮಣ್ಣಿಗೆ ಚುಚ್ಚಿದ ಸೆನ್ಸರ್ ತೇವ ನೋಡುತ್ತದೆ. ಮಣ್ಣು ಒಣಗಿದ್ದರೆ, ಪ್ರೋಗ್ರಾಂ ಹಾಕಿದ ಒಂದು ಪುಟ್ಟ ಬೋರ್ಡ್ ರಿಲೇ ಅನ್ನುವ ಸ್ವಿಚ್ಚಿನಿಂದ ಬಕೆಟ್ಟಿನಲ್ಲಿರುವ ಪಂಪನ್ನು ಕೆಲವು ಸೆಕೆಂಡ್ ಓಡಿಸಿ ನಿಲ್ಲಿಸುತ್ತದೆ. ಆ ಸ್ವಿಚ್ ಅಂಟಿಕೊಂಡರೆ ಪಂಪ್ ನಿಲ್ಲುವುದಿಲ್ಲ. ಆದರೂ ಇಂಥ ಫೋನು ಬಂದಾಗ ನಾನು ರಿಲೇ ಬಗ್ಗೆ ಕೇಳುವುದೇ ಇಲ್ಲ.

"ಬಕೆಟ್ ಎಲ್ಲಿಟ್ಟಿದ್ದೀರಿ?"

"ಸ್ಟೂಲ್ ಮೇಲೆ."

"ಗಿಡ?"

"ಕೆಳಗೆ, ನೆಲದ ಮೇಲೆ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಇದೇ ಸಂಬಂಧವನ್ನು ಎಷ್ಟು ಮನೆಗಳಲ್ಲಿ ಕೂತು ವಿವರಿಸಿದ್ದೇನೋ, ಲೆಕ್ಕ ಇಟ್ಟಿಲ್ಲ. ರಿಲೇ ಯಾವತ್ತೂ ಅಂಟಿಕೊಳ್ಳುವುದಿಲ್ಲ ಅಂತಲ್ಲ, ಅಪರೂಪಕ್ಕೆ ಅದೂ ಆಗುತ್ತದೆ. ಆದರೆ ಸುಮ್ನೆ ಬೋರ್ಡ್ ಬದಲಾಯಿಸಿ, ಪ್ರೋಗ್ರಾಂ ತಿದ್ದಿ, ಸೆನ್ಸರ್ ಮೇಲೆ ಸಿಟ್ಟು ಮಾಡಿಕೊಂಡು, ಕೊನೆಗೆ ನನ್ನನ್ನು ಕರೆಸುವವರ ಮನೆಯಲ್ಲಿ ಬಹುಪಾಲು ನಾನು ನೋಡುವುದು ಗಿಡಕ್ಕಿಂತ ಎತ್ತರದಲ್ಲಿ ಕೂತ ಬಕೆಟ್ಟನ್ನೇ.

ನೀರಲ್ಲಿ ಮುಳುಗಿಸುವ ಆ ಚಿಕ್ಕ ಪಂಪ್ ಇದೆಯಲ್ಲ, ಒಮ್ಮೆ ಅದರ ಮುಂದಿನ ಮುಚ್ಚಳ ತೆಗೆದು ನೋಡಿ. ಬೆರಳ ತುದಿಯಷ್ಟು ಫ್ಯಾನು, ಒಳಗೆ ಬರಲು ಒಂದು ತೂತು, ಹೊರಗೆ ಹೋಗಲು ಒಂದು ತೂತು. ಅಷ್ಟೇ. ಬಾಗಿಲಿಲ್ಲ, ಬಿರಡೆಯಿಲ್ಲ. ಕರೆಂಟ್ ಕೊಟ್ಟರೆ ನೀರನ್ನು ತಳ್ಳುತ್ತದೆ. ಕರೆಂಟ್ ತೆಗೆದರೆ ತಳ್ಳುವುದನ್ನು ಬಿಡುತ್ತದೆ. ನೀರನ್ನು ತಡೆಯುವುದು ಅದರ ಕೆಲಸವೇ ಅಲ್ಲ. ನಲ್ಲಿ ಬೇರೆ, ಪಂಪ್ ಬೇರೆ. ನಿಂತ ಪಂಪಿನ ಮೂಲಕ ನೀರು ಆರಾಮಾಗಿ ಹಾದುಹೋಗುತ್ತದೆ.

ಹಾದುಹೋಗಲು ಕಾರಣ ಸೈಫನ್. ಡ್ರಮ್ಮಿನಲ್ಲಿದ್ದ ನೀರನ್ನು ಪೈಪಿಗೆ ಬಾಯಿಟ್ಟು ಒಮ್ಮೆ ಎಳೆದು, ತುದಿಯನ್ನು ಕೆಳಗಿನ ಬಕೆಟ್ಟಿಗೆ ಬಿಟ್ಟವರಿಗೆ ಇದು ಗೊತ್ತು. ಆಮೇಲೆ ಯಾರೂ ಎಳೆಯಬೇಕಾಗಿಲ್ಲ, ಅದು ಹರಿಯುತ್ತಲೇ ಇರುತ್ತದೆ. ನಿಮ್ಮ ಪಂಪ್ ಮಾಡಿದ್ದೂ ಅದನ್ನೇ. ಬಾಯಿಟ್ಟು ಎಳೆಯುವ ಬದಲು ಹಿಂದಿನಿಂದ ತಳ್ಳಿ ಟ್ಯೂಬನ್ನು ತುಂಬಿಸಿತು. ಟ್ಯೂಬು ತುಂಬಿದ್ದು, ಅದರ ತುದಿ ಬಕೆಟ್ಟಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಎರಡೂ ಒಂದು ಮಟ್ಟಕ್ಕೆ ಬರುವವರೆಗೆ ಅಥವಾ ಬಕೆಟ್ಟಿನಲ್ಲಿ ಟ್ಯೂಬಿಗೆ ಗಾಳಿ ಸಿಗುವವರೆಗೆ ನೀರು ಬರುತ್ತದೆ.

ಇಲ್ಲಿ ಜನ ಎಡವುವುದು 'ಮಟ್ಟ' ಅನ್ನುವ ಪದದಲ್ಲಿ. ಬಕೆಟ್ಟಿನ ತಳ ಎಲ್ಲಿದೆ ಅಂತಲ್ಲ, ಅದರೊಳಗಿನ ನೀರಿನ ಮೇಲ್ಮೈ ಎಲ್ಲಿದೆ ಅಂತ ನೋಡಬೇಕು. ಬಕೆಟ್ಟೂ ಕುಂಡವೂ ನೆಲದ ಮೇಲೆ ಅಕ್ಕಪಕ್ಕ ಇದ್ದರೂ ಬಕೆಟ್ ಎತ್ತರದ್ದು, ಕುಂಡ ಗಿಡ್ಡದ್ದು ಆದರೆ ಕಥೆ ಅದೇ. ಅರ್ಧ ಬಕೆಟ್ ನೀರಿದ್ದಾಗ ಎಲ್ಲ ಸರಿಯಾಗಿ ನಡೆದು, ಊರಿಗೆ ಹೊರಡುವ ದಿನ ಕಂಠಪೂರ್ತಿ ತುಂಬಿಸಿ ಹೋದಾಗಲೇ ಎಡವಟ್ಟಾಗುವುದು ಇದಕ್ಕೇ.

"ಟ್ಯೂಬನ್ನು ಕಿಟಕಿಯವರೆಗೆ ಮೇಲೆ ಹತ್ತಿಸಿ ಇಳಿಸಿದ್ದೀನಿ, ಅಷ್ಟು ಎತ್ತರ ತಾನಾಗಿ ಹತ್ತುತ್ತಾ ಸಾರ್?" ಹತ್ತುತ್ತದೆ. ಮಧ್ಯದಲ್ಲಿ ಎಷ್ಟು ಮೇಲೆ ಹೋಗಿ ಬಂದಿದೆ ಅನ್ನುವುದು ಮನೆಯೊಳಗಿನ ಎತ್ತರಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ತುದಿ ಎಲ್ಲಿದೆ ಅನ್ನುವುದಷ್ಟೇ ಲೆಕ್ಕ.

"ಚೆಕ್ ವಾಲ್ವ್ ಹಾಕಿದ್ದೀನಲ್ಲ." ಅದು ನೀರು ಹಿಂದಕ್ಕೆ ಬರದಂತೆ ತಡೆಯುತ್ತದೆ. ಇಲ್ಲಿ ನೀರು ಮುಂದಕ್ಕೇ ಹೋಗುತ್ತಿದೆ, ನೀವು ಕಳಿಸಬೇಕು ಅಂದುಕೊಂಡ ದಿಕ್ಕಿಗೇ. ವಾಲ್ವ್ ದಾರಿ ಬಿಡುತ್ತದೆ.

ಒಬ್ಬ ಮೇಷ್ಟ್ರ ಮನೆಗೆ ಹೋಗಿದ್ದೆ. ನಿವೃತ್ತರು, ಶಿಸ್ತಿನ ಮನುಷ್ಯ. ಪೀಸ್ ಲಿಲ್ಲಿ ಗಿಡ, ಎಲೆಗಳೆಲ್ಲ ಸೋತು ಜೋತುಬಿದ್ದಿದ್ದವು. ಪಕ್ಕದಲ್ಲಿ ಒಂದು ನೋಟ್‌ಬುಕ್, ಅದರಲ್ಲಿ ದಿನಾಂಕ, ಸೆನ್ಸರ್ ತೋರಿಸಿದ ಅಂಕಿ, ಪಂಪ್ ಓಡಿದ ಸೆಕೆಂಡು. ಮೊದಲು 8 ಸೆಕೆಂಡ್ ಇಟ್ಟಿದ್ದರು. ನೀರು ಜಾಸ್ತಿಯಾಯಿತು ಅಂತ 4 ಮಾಡಿದರು. ಆಮೇಲೆ 2. ಪ್ರತಿ ಸಲವೂ ಬಕೆಟ್ ಖಾಲಿ. ಅವರ ಪಂಪಿನ ಮೇಲೆ ಗಂಟೆಗೆ 100 ಲೀಟರ್ ಅಂತ ಇತ್ತು. ಅಂದರೆ ಹೆಚ್ಚೆಂದರೆ ಸೆಕೆಂಡಿಗೆ 28 ಮಿಲಿಲೀಟರ್. ಎರಡು ಸೆಕೆಂಡಿಗೆ ಒಂದು ಸಣ್ಣ ಲೋಟವೂ ತುಂಬುವುದಿಲ್ಲ. ಈ ಲೆಕ್ಕವನ್ನೂ ಅವರು ಬರೆದಿಟ್ಟಿದ್ದರು, ಕೆಳಗೆ ಎರಡು ಗೆರೆ ಎಳೆದು ಪ್ರಶ್ನೆ ಚಿಹ್ನೆ ಹಾಕಿದ್ದರು.

ನಾನು ಪಂಪನ್ನು ಒಮ್ಮೆ ಓಡಿಸಿ, ಅಡಾಪ್ಟರನ್ನೇ ಕಿತ್ತು ಅವರ ಕೈಗೆ ಕೊಟ್ಟೆ. ನೀರು ಬರುತ್ತಲೇ ಇತ್ತು. ಅವರು ಕೈಯಲ್ಲಿದ್ದ ಅಡಾಪ್ಟರ್ ನೋಡಿದರು, ಟ್ಯೂಬ್ ನೋಡಿದರು, ಸ್ಟೂಲ್ ನೋಡಿದರು. ನಾನು ಟ್ಯೂಬಿನ ತುದಿಯನ್ನು ಬಕೆಟ್ಟಿನ ಅಂಚಿಗಿಂತ ಮೇಲೆತ್ತಿದೆ. ನಿಂತಿತು.

"ಏನ್ ಕಲಿಸ್ತಿದ್ರಿ ಮೇಷ್ಟ್ರೇ?" ಅಂದೆ.

"ಭೌತಶಾಸ್ತ್ರ," ಅಂದರು, ಮೆಲ್ಲಗೆ. "ಈ ಚಿತ್ರವನ್ನ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೀನೋ."

ಅವರ ಸೆನ್ಸರ್ ಇಷ್ಟು ದಿನವೂ ಸರಿಯಾಗಿಯೇ ಹೇಳುತ್ತಿತ್ತು. ಮಣ್ಣು ಹಸಿ, ಹಸಿ, ಇನ್ನೂ ಹಸಿ ಅಂತ. ಆದರೆ ಅದರ ಮಾತು ಕೇಳಿ ಬೋರ್ಡ್ ಮಾಡಬಹುದಾದದ್ದು ಪಂಪ್ ಆಫ್ ಮಾಡುವುದು ಮಾತ್ರ. ಅದು ಆಗಲೇ ಆಫ್ ಆಗಿತ್ತಲ್ಲ! ಗಿಡದ ಎಲೆ ಜೋತುಬಿದ್ದದ್ದೂ ಆ ನೀರಿನಿಂದಲೇ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಎಳೆಯುವುದಿಲ್ಲ, ಹಾಗಾಗಿ ಎಲೆ ಬಾಡುತ್ತದೆ, ಥೇಟ್ ಒಣಗಿದ ಗಿಡದ ಹಾಗೆ. ಪಾಪ ಅಂತ ಇನ್ನೊಂದು ಚೊಂಬು ಹಾಕುವವರೂ ಇದ್ದಾರೆ.

ಪರಿಹಾರಕ್ಕೆ ಖರ್ಚಿಲ್ಲ. ಬಕೆಟ್ ಕೆಳಗೆ, ಗಿಡ ಮೇಲೆ. ಟ್ಯೂಬಿನ ತುದಿ ಮಣ್ಣಿಗಿಂತ ಎರಡು ಬೆರಳು ಮೇಲೆ ಗಾಳಿಯಲ್ಲಿರಲಿ. ಹೂತಿಟ್ಟರೆ ಪಂಪ್ ನಿಂತಾಗ ಕುಂಡದ ಕೆಸರು ನೀರು ಬಕೆಟ್ಟಿಗೆ ವಾಪಸ್ ಬರಬಹುದು.

ಗಿಡ ದೊಡ್ಡದು, ನೆಲದಿಂದ ಎತ್ತಲು ಆಗುವುದಿಲ್ಲ ಅಂದರೆ ಬಕೆಟ್ ಬಿಟ್ಟು ಗಿಡ್ಡನೆಯ ಅಗಲದ ಡಬ್ಬ ತಗೊಳ್ಳಿ. ಅದೂ ಆಗದಿದ್ದರೆ ಟ್ಯೂಬಿಗೆ ತೂತು ಮಾಡಿ. ಬಕೆಟ್ಟಿನ ಒಳಗೇ, ನೀರು ಅತಿ ಹೆಚ್ಚು ತುಂಬಿದಾಗಲೂ ಮುಳುಗದ ಜಾಗದಲ್ಲಿ. ಪಂಪ್ ಓಡುವಾಗ ಅಲ್ಲಿಂದ ಸ್ವಲ್ಪ ಚಿಮ್ಮುತ್ತದೆ, ಬಕೆಟ್ಟಿಗೇ ಬೀಳುತ್ತದೆ, ಬೀಳಲಿ. ನಿಂತಾಗ ಅಲ್ಲಿಂದ ಗಾಳಿ ಒಳನುಗ್ಗಿ ಸೈಫನ್ ಮುರಿಯುತ್ತದೆ. ಸೂಜಿಮೊನೆಯ ತೂತು ಸಾಲದಿರಬಹುದು, ಗಾಳಿ ಗುಳ್ಳೆಗುಳ್ಳೆಯಾಗಿ ನೀರಿನ ಜೊತೆಗೇ ಹೋಗಿಬಿಡುತ್ತದೆ. ನಾನು 2 ಮಿಲಿಮೀಟರ್ ಹಾಕುತ್ತೇನೆ. ಗಡಸು ನೀರಾದರೆ ಬಿಳಿ ಉಪ್ಪು ಕಟ್ಟಿ ಮುಚ್ಚಿಕೊಳ್ಳಬಹುದು, ಆಗಾಗ ನೋಡುತ್ತಿರಿ.

ರೋಲರ್ ಟ್ಯೂಬನ್ನು ಹಿಸುಕಿ ನೀರು ತಳ್ಳುವ ಪೆರಿಸ್ಟಾಲ್ಟಿಕ್ ಪಂಪಿನಲ್ಲಿ ಈ ತಾಪತ್ರಯವಿಲ್ಲ, ನಿಂತಾಗಲೂ ರೋಲರ್ ಟ್ಯೂಬನ್ನು ಒತ್ತಿಕೊಂಡೇ ಇರುತ್ತದೆ. ನಿಧಾನ, ಒಳಗಿನ ಟ್ಯೂಬು ಸವೆಯುತ್ತದೆ. ಒಂದೇ ಗಿಡಕ್ಕಾದರೆ ನನಗೆ ಇಷ್ಟ.

ಇಷ್ಟೆಲ್ಲ ಮಾಡಿದ ಮೇಲೂ ಗಿಡವನ್ನು ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ, ಅದೇ ಎತ್ತರದಲ್ಲಿ ಖಾಲಿ ಪಾತ್ರೆ ಇಡಿ. ಬಕೆಟ್ ಪೂರ್ತಿ ತುಂಬಿಸಿ. ಐದು ಸೆಕೆಂಡ್ ಪಂಪ್ ಓಡಿಸಿ ಅಡಾಪ್ಟರ್ ಕಿತ್ತು, ಎರಡು ನಿಮಿಷ ಸುಮ್ಮನೆ ಟ್ಯೂಬಿನ ತುದಿ ನೋಡುತ್ತಾ ಕೂತುಕೊಳ್ಳಿ. ಮೊಬೈಲ್ ಬೇಡ. ಒಂದೆರಡು ಹನಿ ಬಿದ್ದು ನಿಂತರೆ ಸರಿ. ಸಣ್ಣ ಎಳೆಯಾಗಿ ಬರುತ್ತಲೇ ಇದ್ದರೆ ಪ್ರೋಗ್ರಾಂ ಮುಟ್ಟಬೇಡಿ, ಮೇಲಿನದನ್ನು ಮತ್ತೆ ಓದಿ. ಅಡಾಪ್ಟರಿನ ವೈರು ಮಾತ್ರ ಪ್ಲಗ್ ಪಾಯಿಂಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರುವ ಹಾಗಿರಲಿ, ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಮೇಷ್ಟ್ರು ಸ್ಟೂಲ್ ತೆಗೆದು ಅದರ ಮೇಲೆ ಗಿಡ ಇಟ್ಟರು, ಬಕೆಟ್ ಕೆಳಗಿಟ್ಟರು. ಕೊಳೆತ ಬೇರು ಕತ್ತರಿಸಿ ಹೊಸ ಮಣ್ಣಿಗೆ ಹಾಕಲು ಹೇಳಿ ಬಂದೆ, ಉಳಿಯುತ್ತದೆ ಅಂತ ಮಾತು ಕೊಡಲಿಲ್ಲ. ಮುಂದಿನ ತಿಂಗಳು ಫೋಟೋ ಕಳಿಸಿದ್ದರು. ಗಿಡದ್ದಲ್ಲ, ನೋಟ್‌ಬುಕ್ಕಿನದು. ಆ ಪ್ರಶ್ನೆ ಚಿಹ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಸೈಫನ್ ಚಿತ್ರ ಬರೆದು, ಕೆಂಪು ಪೆನ್ನಿನಲ್ಲಿ ತಮಗೆ ತಾವೇ ಸೊನ್ನೆ ಅಂಕ ಕೊಟ್ಟುಕೊಂಡಿದ್ದರು.